ಖಾಲಿ ಹೊಟ್ಟೆಯ ರಕ್ತ

ಬೆಳಗಿನ ಐದೂವರೆ. ಪಾಂಡವಪುರ ದಾಟಿ
ನಾಲೆ ಏರಿಯ ಮೇಲೆ ನಮ್ಮ ಜೀಪು.
ಹಿಂದಿನ ಸೀಟಿನಲ್ಲಿ ಐಸ್ ಡಬ್ಬ, ಸೂಜಿ, ನೇರಳೆ ಮುಚ್ಚಳದ ಟ್ಯೂಬು,
ರಾತ್ರಿ ಒಂಬತ್ತರ ಮೇಲೆ ಏನೂ ತಿನ್ನಬೇಡಿ ಎಂದು
ಮನೆಮನೆಗೂ ಫೋನು ಮಾಡಿದ್ದ ಹುಡುಗ, ನಿದ್ದೆಯಲ್ಲಿ.

ಶಾಲೆಯ ಜಗಲಿಯಲ್ಲಿ ಸಾಲಾಗಿ ಕೂತಿದೆ ಊರು.
ತೋಳಿಗೆ ರಬ್ಬರು ಪಟ್ಟಿ ಬಿಗಿದು
ಬೆರಳಲ್ಲಿ ತಟ್ಟಿ ನರ ಎಬ್ಬಿಸುತ್ತೇನೆ.
ಕಬ್ಬು ಕಡಿವ ತೋಳಿನ ನರ
ಬೇಲಿಗೆ ಹಬ್ಬಿದ ಬಳ್ಳಿ, ಹುಡುಕಬೇಕಿಲ್ಲ.
ಅಂಗನವಾಡಿ ಟೀಚರಿಗೇ ಮೂರು ಸಲ ಚುಚ್ಚಿದ್ದು.

ಕಾಳತಮ್ಮಯ್ಯ ಬಂದದ್ದು ಕೊನೆಗೆ,
ಆಲೆಮನೆಯಿಂದ ನೇರ, ಹುಬ್ಬಿನ ಮೇಲೆ ಬೂದಿ.
"ಏನಾದ್ರೂ ತಿಂದ್ರಾ?"
"ಇಲ್ಲ ಕಣವ್ವ. ಒಂದ್ ತೊಟ್ಟು ನೀರೂ ಇಲ್ಲ."
ರಕ್ತ ಬೇರೆ ಕತೆ ಹೇಳಿತು.
ಮತ್ತೆ ಕರೆದೆ, ಮತ್ತೆ ಚುಚ್ಚಿದೆ, ಮತ್ತೆ ಅದೇ.
ಮೂರನೆಯ ಸಲ ಗದರಿದೆ.
ಆತ ತೋರುಬೆರಳು ಎತ್ತಿ ತೋರಿಸಿದ:
"ಪಾಕ ನೋಡ್ಬೇಕಲ್ಲವ್ವ. ಕೊಪ್ಪರಿಗೆ ಇಳ್ಸೋ ಹೊತ್ತು
ನಾಲ್ಗೆಗೆ ಗೊತ್ತು, ಗಡಿಯಾರಕ್ಕೆ ಗೊತ್ತಾ?
ಅದು ತಿನ್ನೋದಲ್ಲ. ಅದು ಕೆಲ್ಸ."

ನನ್ನ ಪ್ರಶ್ನಾವಳಿಯಲ್ಲಿ ನಲವತ್ತೆರಡು ಪ್ರಶ್ನೆ.
ಬೀಡಿ, ಕಡ್ಡಿಪುಡಿ, ಎಣ್ಣೆ, ಉಪ್ಪು, ನಡಿಗೆ, ನಿದ್ದೆ.
ನಾಲಗೆಯಿಂದ ದುಡಿಯುತ್ತೀರಾ ಎಂಬ ಸಾಲಿರಲಿಲ್ಲ.
ಅಂಚಿನಲ್ಲಿ ಪೆನ್ಸಿಲಿನಿಂದ ಬರೆದೆ: ೪೩.

ಮೈಸೂರಿನ ಲ್ಯಾಬಿನ ಕಿಟಕಿಗೆ
ಬೆಟ್ಟದ ಒಂದು ಮಗ್ಗುಲು ಮಾತ್ರ ಕಾಣುತ್ತದೆ.
ಸೆಂಟ್ರಿಫ್ಯೂಜು ತಿರುಗಿ ತಿರುಗಿ ನಿಂತಾಗ
ರಕ್ತ ಎರಡಾಗಿರುತ್ತದೆ: ಕೆಳಗೆ ಕೆಂಪು,
ಮೇಲೆ ಒಣಹುಲ್ಲಿನ ಬಣ್ಣದ ತಿಳಿ.
ಕೆಲವರದು ತಿಳಿಯಲ್ಲ, ಹಾಲು ಬೆರೆಸಿದಂತೆ ಮಂಕು.
ಆರು ವರ್ಷದಿಂದ ನನ್ನದು ಇದೊಂದೇ ಪ್ರಶ್ನೆ:
ಸೊಂಟದಲ್ಲಿ ಪಂಚೆ ನಿಲ್ಲದವನ ರಕ್ತದಲ್ಲಿ
ಇಷ್ಟು ಬೆಣ್ಣೆ ಎಲ್ಲಿಂದ?
ಯಾವ ಕಾಲದ ಹಸಿವಿಗೆ ಹೆದರಿ
ಈ ಮೈ ಗುಟ್ಟಾಗಿ ಕೂಡಿಡುತ್ತಿದೆ,
ಕೂಡಿಡಬಾರದ ಜಾಗದಲ್ಲಿ, ಎದೆಗೆ ಹೋಗುವ ಕಿರುದಾರಿಯಲ್ಲಿ?

ಮಾಘದಲ್ಲಿ ಹೋದನಂತೆ. ಕೊಪ್ಪರಿಗೆಯ ಪಕ್ಕದಲ್ಲೇ,
ಕೈಯಲ್ಲಿ ಸಟ್ಟುಗ.
ನಮ್ಮ ತಖ್ತೆಯಲ್ಲಿ ಅದಕ್ಕೊಂದು ಕಾಲಂ ಇದೆ,
ಊರು ಬಿಟ್ಟವರು, ಬೇಡವೆಂದವರು, ಸತ್ತವರು, ಎಲ್ಲರಿಗೂ ಒಂದೇ:
ಕೈತಪ್ಪಿದವರು.
ಗ್ರಾಫಿನಲ್ಲಿ ಅವನ ಚುಕ್ಕಿ
ಗೆರೆಯಿಂದ ಬಹಳ ಮೇಲೆ, ಒಂಟಿ.
ತೆಗೆದುಹಾಕಿ, ಅಚ್ಚುಕಟ್ಟಾಗುತ್ತದೆ, ಎಂದರು ದೊಡ್ಡವರು.

ಸಣ್ಣತಾಯಮ್ಮ ಮಗಳ ಹೆರಿಗೆಗೆ ದೊಡ್ಡಾಸ್ಪತ್ರೆಗೆ ಬಂದವಳು
ಕೇಳಿಕೊಂಡು ಕೇಳಿಕೊಂಡು ಮಹಡಿ ಹತ್ತಿ ಬಂದಳು.
"ಅವ್ರುದ್ದು ಇನ್ನೂ ಮಡ್ಗಿದ್ದೀರಂತೆ?"
ದಪ್ಪ ಕೈಗವಸು ತೊಟ್ಟು
ಫ್ರೀಜರಿನ ಹೊಗೆಯೊಳಗಿಂದ ಎತ್ತಿದೆ
ಪಾಂ-೧೧೭, ಕಿರುಬೆರಳಿನಷ್ಟು.
"ಮುಟ್ಟಂಗಿಲ್ವಾ?"
"ಬೇಡಮ್ಮ. ಸೊನ್ನೆಗಿಂತ ಎಂಬತ್ತು ಡಿಗ್ರಿ ಕೆಳಗಿದೆ. ಸುಡುತ್ತದೆ."
ಅವಳು ಬಹಳ ಹೊತ್ತು ನೋಡಿದಳು.
"ಜಲ್ಮೆಲ್ಲಾ ಒಲೆ ಮುಂದೆ ಬೆಂದೋರು.
ತಣ್ಣಗವ್ರೆ. ಇರ್ಲಿ ಬುಡಿ."
ಹೋಗುವಾಗ ಪೇಪರಿನಲ್ಲಿ ಸುತ್ತಿದ ನಾಲ್ಕು ಅಚ್ಚುಬೆಲ್ಲ
ಮೈಕ್ರೋಸ್ಕೋಪಿನ ಪಕ್ಕ ಇಟ್ಟಳು. "ಮಗ ಇಳ್ಸಿದ್ದು."

ಚುಕ್ಕಿಯನ್ನು ತೆಗೆಯಲಿಲ್ಲ.
ಮೂರು ದಿನ ವಾದಿಸಿದೆ, ಅಡಿಟಿಪ್ಪಣಿ ಬರೆದೆ, ಅದನ್ನೂ ಚಿಕ್ಕದು ಮಾಡಿದರು.

ಇವತ್ತು ಸಂಜೆ ಕರೆಂಟು ಹೋಯಿತು.
ಜನರೇಟರು ಹೊತ್ತಲು ನಲವತ್ತು ಸೆಕೆಂಡು.
ಅಷ್ಟು ಹೊತ್ತು ಬಾಗಿಲು ತೆರೆಯಬಾರದು, ಅದೇ ನಿಯಮ.
ಕತ್ತಲಲ್ಲಿ ಫ್ರೀಜರಿಗೆ ಅಂಗೈ ಒತ್ತಿ ನಿಂತೆ,
ಮುನ್ನೂರ ಹನ್ನೆರಡು ಜನರ ಬೆಳಗಿನ ಹೊಟ್ಟೆ ಒಳಗೆ.
ಇನ್ನೊಂದು ಕೈಯಲ್ಲಿ ಬೆಲ್ಲದ ಚೂರು.
ಬಾಯಿಗಿಟ್ಟೆ.
ಪಾಕ ಒಂದು ಕೊಂಚ ಏರಿದೆ ಅನ್ನಿಸಿತು.
ನನಗೇನು ಗೊತ್ತು.