ಗುಜ್ಜೆ ಟೀಮು

ಸುಲ್ತಾನ್ ಬತ್ತೇರಿಯ ದೋಣಿಯವನಿಗೆ ನಮ್ಮ ಚೆಂಡು ಗೊತ್ತು.
'ಇವತ್ತು ಗುಜ್ಜೆಗೂ ಟಿಕೆಟು ಮಾಡ್ಲಾ?' ಎಂದು ಕೇಳುತ್ತಾನೆ.
ಹದಿನೆಂಟು ವರ್ಷದಿಂದ ಅದೇ ಜೋಕು,
ಹದಿನೆಂಟು ವರ್ಷದಿಂದ ನಾವೂ ನಗುತ್ತೇವೆ.
ಆಚೆ ದಡ ತಣ್ಣೀರುಬಾವಿ. ಗಾಳಿಮರಗಳ ಕೆಳಗೆ
ಚಪ್ಪಲಿ ಸಾಲಿಟ್ಟು ಗೆರೆ ಎಳೆದರೆ ಮೈದಾನ.
ಆಗ ಹೆಲ್ಮೆಟ್ಟು ಐದು, ತಲೆ ಹನ್ನೊಂದು.

ನಾನು ಕ್ವಾರ್ಟರ್‌ಬ್ಯಾಕ್. ವಯಸ್ಸು ಇಪ್ಪತ್ತಮೂರು,
ಗಂಟಲೇ ನಾಯಕತ್ವ ಎಂದು ತಿಳಿದಿದ್ದ ಕಾಲ.
ಸೋತ ದಿನ ಬೈಗುಳ ಹಂಚುತ್ತಿದ್ದೆ,
ಗೆದ್ದ ದಿನ ಯಾರಿಗೂ ಏನೂ ಹಂಚಲಿಲ್ಲ.

ನನ್ನ ಮುಂದೆ ಬಗ್ಗಿ ನಿಲ್ಲುತ್ತಿದ್ದವನು ಲೋಲಾಕ್ಷ ಮೆಂಡನ್.
ಸೆಂಟರ್. ಕಾಲ ಸಂದಿಯಿಂದ ಚೆಂಡು ಹಿಂದಕ್ಕೆ ದಾಟಿಸುವವನು,
ದಾಟಿಸಿದ ಮರುಕ್ಷಣ ಎದುರಿನ ಎದೆಗೆ ಎದೆ ಕೊಟ್ಟು ಬೀಳುವವನು,
ಫೋಟೋದಲ್ಲಿ ಯಾವಾಗಲೂ ಬರೀ ಬೆನ್ನು.

ಪುಣೆಯಿಂದ ಬಂದವರ ಎದುರು ಆಟ. ಕೊನೆಯ ನಿಮಿಷ.
ಅವನ ಕೈಯಿಂದ ಚೆಂಡು ಜಾರಿತು. ಮತ್ತೆ ಜಾರಿತು.
ಎಲ್ಲರೆದುರು ಆ ಕೈಗೆ ನಾನೊಂದು ಹೆಸರಿಟ್ಟೆ.
ಆ ಹೆಸರು ಇಲ್ಲಿ ಬರೆಯುವುದಿಲ್ಲ.
ಅವನು ಮರಳು ಕೊಡವಿಕೊಂಡು 'ಆಯ್ತು ಮಾರಾಯ' ಎಂದ.
ಅಷ್ಟೇ.

ಎರಡು ಭಾನುವಾರ ಬರಲಿಲ್ಲ. ಮೂರನೆಯದರ ಬೆಳಗಿನ ಜಾವ
ದಕ್ಕೆಗೆ ಹೋದೆ, ಕ್ಷಮೆ ಕೇಳಲಿಕ್ಕಲ್ಲ,
ಜೆರ್ಸಿ ವಾಪಸು ತರಲಿಕ್ಕೆ. ಸುಳ್ಳು ಯಾಕೆ.
ಐಸ್ ಪ್ಲಾಂಟಿನ ಬಾಗಿಲಲ್ಲಿ ಹಳದಿ ಬಲ್ಬು.
ಒಳಗೆ ಅವನು ಐಸಿನ ಬ್ಲಾಕುಗಳನ್ನು ಕೊಕ್ಕೆಯಲ್ಲಿ ಎಳೆದು
ಹಲಗೆಯ ಮೇಲೆ ಜಾರಿಸುತ್ತಿದ್ದ, ಬಂಗುಡೆಗೆ ಹೊರಟ
ಬೋಟುಗಳ ಹೊಟ್ಟೆಗೆ. ರಾತ್ರಿ ಹತ್ತರಿಂದ.
ಪುಣೆಯವರ ಆಟದ ಹಿಂದಿನ ರಾತ್ರಿಯೂ ಹತ್ತರಿಂದ.
ಕೈ ಕುಲುಕಲು ಹಿಡಿದೆ. ಆ ಬೆರಳುಗಳು
ನನ್ನ ಬೆರಳನ್ನು ಗುರುತಿಸಲಿಲ್ಲ.
ಎರಡು ವರ್ಷ ಆ ಕೈ ಕೊಟ್ಟ ಚೆಂಡು ಹಿಡಿದಿದ್ದೆ,
ಒಮ್ಮೆಯೂ ಕೈ ಮುಟ್ಟಿರಲಿಲ್ಲ.

ಜೆರ್ಸಿ ಕೇಳಲಿಲ್ಲ. ಚಾ ತಂದು ಗ್ಲಾಸನ್ನು
ಅವನ ಅಂಗೈಗಳ ನಡುವೆ ಇಟ್ಟೆ.
ಅದು ಆರುವ ತನಕ ಇಬ್ಬರೂ ಮಾತಾಡಲಿಲ್ಲ.
ಆಮೇಲೆ ಪ್ರತಿ ಆಟಕ್ಕೂ ನನ್ನ ಚೀಲದಲ್ಲಿ
ಪಟ್ಟು ಬರೆದ ನೋಟ್‌ಬುಕ್ಕಿನ ಪಕ್ಕ ಬಿಸಿನೀರಿನ ಫ್ಲಾಸ್ಕು.
ಬೈಗುಳ ನಿಂತಿತೆಂದು ಹೇಳಲಾರೆ. ಕಡಿಮೆಯಾಯಿತು.

ಭುಜ ಹೋದದ್ದು ಮೂವತ್ತೊಂದರಲ್ಲಿ.
'ಇನ್ನು ಎಸೆಯಬಾರದು' ಎಂದರು ಡಾಕ್ಟರು.
ಬಗ್ಗಬಾರದು ಎನ್ನಲಿಲ್ಲ.
ಲೋಲಾಕ್ಷ ಅಷ್ಟರಲ್ಲಿ ಬೋಟಿನ ತಂಡೇಲ,
ವಾರಗಟ್ಟಲೆ ಕಡಲಲ್ಲಿ. ಅವನ ಜಾಗ ಖಾಲಿಯಿತ್ತು.

ಹಾಗೆ ಎಂಟು ವರ್ಷದಿಂದ ನಾನು ಬಗ್ಗಿ ನಿಲ್ಲುತ್ತೇನೆ.
ಕಾಲ ಸಂದಿಯಿಂದ ಜಗತ್ತು ತಲೆಕೆಳಗು:
ಮೇಲೆ ಮರಳು, ಕೆಳಗೆ ಆಕಾಶ,
ನಡುವೆ ಒಂದು ಹನಿಯೂ ತೊಟ್ಟಿಕ್ಕದೆ ನಿಂತ ಕಡಲು.
ಅದಕ್ಕೆ ಅಂಟಿಕೊಂಡು ನೇತಾಡುವ ಹತ್ತೊಂಬತ್ತರ ಹುಡುಗಿ,
ಉಳ್ಳಾಲದ ಶಮೀಮಾ, ನಮ್ಮ ಕ್ಯಾಪ್ಟನ್.

ಅವಳು ಕಿರುಚುವುದಿಲ್ಲ. ಎಣಿಸುತ್ತಾಳೆ.
ಹೊರಗಿನವರಿಗೆ ತಿಳಿಯದಿರಲೆಂದು ಎಣಿಕೆಯನ್ನೇ ಬದಲಿಸಿದಳು:
ಒಂದು ತುಳುವಿನಲ್ಲಿ, ಎರಡು ಕೊಂಕಣಿಯಲ್ಲಿ,
ಮೂರು ಅವಳ ಮನೆಯ ಬ್ಯಾರಿಯಲ್ಲಿ.
ಒಂಜಿ. ದೋನ್. ಮೂನ್.
ಮೂನ್ ಎಂದಾಗ ಚೆಂಡು ಬಿಡಬೇಕು.
ನಮಗೆಲ್ಲ ಕಲಿಯಲು ತಿಂಗಳು ಹಿಡಿಯಿತು,
ಆಲ್ಡ್ರಿನ್ ಪಿಂಟೊನಿಗೆ ಇನ್ನೂ ಬಂದಿಲ್ಲ. ಅವಳು ಕಾಯುತ್ತಾಳೆ.
ನಾನಾಗಿದ್ದರೆ ಪಿಂಟೊನನ್ನು ಎಂದೋ ಕೈಬಿಡುತ್ತಿದ್ದೆ.

ಕಳೆದ ವಾರ ನನ್ನ ಕೈಯಿಂದಲೂ ಚೆಂಡು ಜಾರಿತು.
ಬೆನ್ನು ಬಿಗಿಹಿಡಿದು ಕಾದೆ,
ಹದಿನಾರು ವರ್ಷದ ಹಿಂದೆ ನಾನೇ ಇಟ್ಟ ಹೆಸರಿಗೆ.
ಅವಳು ಬಂದಳು. ಚೆಂಡಿನ ಮರಳನ್ನು
ತೋಳಿನ ಬಟ್ಟೆಗೆ ಒರೆಸಿ ನನ್ನ ಕೈಗೆ ಕೊಟ್ಟು
'ಪುನಃ' ಎಂದಳು.

ಬಗ್ಗಿದೆ. ದೂರದಲ್ಲಿ ಮೂರು ಬೋಟು, ಮಗುಚಿಕೊಂಡೇ
ಅಳಿವೆಯತ್ತ ಸಾಗುತ್ತಿದ್ದವು.
ಯಾವುದರಲ್ಲಿ ಲೋಲಾಕ್ಷನೋ, ಇದ್ದಾನೋ ಇಲ್ಲವೋ.
ಒಂಜಿ, ಎಂದಳು.
ಬೆರಳು ಹೊಲಿಗೆಯ ಮೇಲಿಟ್ಟೆ.
ದೋನ್.