ಏಳು ಮೊಟ್ಟೆ

ನಕುರು ಬಿಟ್ಟಾಗ ಇನ್ನೂ ನಸುಕು.
ಭಾವ ಕಿಮೊಸೊಪ್‌ರ ಹಳೇ ಟೊಯೋಟಾ,
ಮೂವರ ಸೀಟಿಗೆ ಆರು ಜನ, ಕಾಲಡಿಗೆ ಒಂದು ಕಲ್ಲಂಗಡಿ,
ಅತ್ತೆಯ ಮಡಿಲಲ್ಲಿ ಬುಟ್ಟಿ,
ಬುಟ್ಟಿಯಲ್ಲಿ ಪೇಪರು ಸುತ್ತಿದ ಏಳು ಮೊಟ್ಟೆ.
‘ಎಂಟು ಜನಕ್ಕೆ ಏಳೇ?’ ಅಂದೆ.
‘ನನಗೆ ಬೇಡ’ ಅಂದರು. ಅಷ್ಟೇ.

ಮೊಗೋಟಿಯೋದಲ್ಲಿ ಭೂಮಧ್ಯರೇಖೆಯ ಫಲಕ.
ಮಕ್ಕಳು ಇಳಿದು ಅತ್ತ ಒಂದು ಕಾಲು, ಇತ್ತ ಒಂದು ಕಾಲು ಇಟ್ಟು
ಭೂಮಿಯನ್ನೇ ಕುದುರೆ ಮಾಡಿಕೊಂಡು ಕೂಗಿದರು.
ನನ್ನ ಗಂಡ ವಾರದಿಂದ ಹೇಳಿಟ್ಟಿದ್ದ:
ನೆಲ ಸೀಳಿ ನೀರು ಚಿಮ್ಮುತ್ತದೆ,
ಶಾಲೆಯ ಧ್ವಜಕಂಬದಷ್ಟು ಎತ್ತರ!
ಕಿಬೋವೆನ್ ಅದನ್ನು ಬರೆದೂ ಇಟ್ಟಿದ್ದ,
ನೀಲಿ ಕ್ರೇಯಾನ್ ಮುಗಿಯುವವರೆಗೆ.

ಗೇಟಿನಲ್ಲಿ ಖಾಕಿ ಹುಡುಗ ತಲೆ ಎಣಿಸಿದ.
ದೊಡ್ಡವರು ಐದು, ಮಕ್ಕಳು ಮೂರು.
ಅತ್ತೆ ಕಿಟಕಿಯಿಂದ ಬಾಗಿ ತಮ್ಮ ಮಾತಿನಲ್ಲಿ ಏನೋ ಕೇಳಿದರು.
ಅವನು ನಕ್ಕ. ಆಮೇಲೆ ನಗು ನಿಲ್ಲಿಸಿದ.
ನಾನು ಕಿಸೀ ಕಡೆಯವಳು, ಬಾಳೆಗುಡ್ಡದವಳು,
ಈ ಮನೆಯ ಮಾತು ನನಗೆ ಇನ್ನೂ ಅರ್ಧಂಬರ್ಧ.
ಆದರೂ ಇಷ್ಟು ತಿಳಿಯಿತು:
‘ಹುಟ್ಟಿದ ಮನೆಗೆ ಚೀಟಿ ಎಷ್ಟಪ್ಪ?’
ಗಂಡ ಪೂರ್ತಿ ದುಡ್ಡು ಕೊಟ್ಟು
ರಸೀದಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟ.

ಮುಂದೆ ಗಂಧಕದ ವಾಸನೆ.
ಕಾರಿನಲ್ಲಿ ಒಬ್ಬರ ಮೇಲೊಬ್ಬರ ಆರೋಪ, ಕಿಲಕಿಲ,
‘ಅಜ್ಜಿ, ನಿನ್ನ ಮೊಟ್ಟೆ ಕೆಟ್ಟಿವೆ!’
ಅತ್ತೆ ಮಾತ್ರ ಮೂಗರಳಿಸಿ ಉಸಿರೆಳೆದುಕೊಂಡರು,
ಅಕ್ಕಪಕ್ಕದ ಮನೆಯಲ್ಲಿ ಏನೋ ಬೇಯುತ್ತಿರುವಂತೆ.

ಬೊಗೊರಿಯಾ ಸರೋವರ ಉಬ್ಬಿತ್ತು.
ರಸ್ತೆ ನೇರ ಹೋಗಿ ನೀರಿಗಿಳಿದು ಮುಗಿದಿತ್ತು.
ಸತ್ತ ಜಾಲಿಮರಗಳು ಸೊಂಟದವರೆಗೆ ಮುಳುಗಿ ನಿಂತಿದ್ದವು.
‘ಎಲ್ಲಿ?’ ಅಂದ ಕಿಬೋವೆನ್.
ಗಂಡ ಬೆರಳು ತೋರಿಸಿದ: ಅಲ್ಲಿ, ಆ ಗುಳ್ಳೆ.
ಕಂಬದಷ್ಟು ಎತ್ತರದ ನೀರು
ನೀರಿನೊಳಗೇ ಚಿಮ್ಮಿ, ಮೇಲೆ ಬರುವಷ್ಟರಲ್ಲಿ
ಬರೀ ಒಂದು ಮಿಡಿತ.
ದಡದಲ್ಲಿ ಉಳಿದದ್ದೊಂದು ಮೊಣಕಾಲೆತ್ತರ ಹಾರಿ
ಮುದುಕನ ಹಾಗೆ ಕೆಮ್ಮಿ ಸುಮ್ಮನಾಯಿತು.
ಹುಡುಗ ಚಿತ್ರವನ್ನು ಚಡ್ಡಿಜೇಬಿಗೆ ತುರುಕಿದ.

ಅಷ್ಟರಲ್ಲಿ ಅತ್ತೆ ಕಾಣಲಿಲ್ಲ.
ಅಪಾಯದ ಫಲಕ ದಾಟಿ, ಕಲ್ಲುಗಳ ಮಧ್ಯೆ,
ಅಡುಗೆಮನೆಗೆ ಹೋಗುವವರ ನಡಿಗೆಯಲ್ಲಿ ಹೋಗಿದ್ದರು.
ಒಂದು ಮಡಕೆಯ ಬಾಯಷ್ಟು ಗುಂಡಿ, ಒಳಗೆ ಕೊತಕೊತ.
‘ಇದು ನಮ್ಮ ಒಲೆ’ ಅಂದರು. ‘ಸೌದೆ ಬೇಡ.’
ಮೊಟ್ಟೆಗಳನ್ನು ವಸ್ತ್ರದಲ್ಲಿ ಕಟ್ಟಿ ಕೋಲಿನಿಂದ ಇಳಿಬಿಟ್ಟರು.

ಗಡಿಯಾರ ನೋಡಲಿಲ್ಲ.
ಆಡುಗಳ ಹೆಸರು ಹೇಳತೊಡಗಿದರು.
ಕಿವಿ ಹರಿದದ್ದು. ಬೂದಿ ಮೈಯದ್ದು.
ಮಳೆಯ ದಿನ ಹುಟ್ಟಿದ್ದು. ಅದರ ಮಗಳು. ಅದರ ಹೆಳವ ಮಗ.
ಅವ್ವ ಹೀಗೇ ಎಣಿಸುತ್ತಿದ್ದಳಂತೆ,
ಹಟ್ಟಿಯ ಕೊನೆಯ ಆಡಿನ ಹೆಸರಿಗೆ ಮೊಟ್ಟೆ ಬೆಂದಿರುತ್ತಿತ್ತಂತೆ.
ನಡುವೆ ಒಂದು ಕಡೆ ನಿಂತರು.
ತುಟಿ ಆಡಿತು, ದನಿ ಬರಲಿಲ್ಲ.
ಹಿಂದಕ್ಕೆ ಹೋಗಿ ಮತ್ತೆ ಶುರುಮಾಡಿದರು:
ಕಿವಿ ಹರಿದದ್ದು, ಬೂದಿ ಮೈಯದ್ದು...
ಅಲ್ಲೇ ಮತ್ತೆ ನಿಂತರು.
ಯಾರೂ ಉಸಿರೆತ್ತಲಿಲ್ಲ.
‘ಇರಲಿ, ತೆಗೆ’ ಅಂದರು ಭಾವನಿಗೆ.

ಒಂದು ಒಡೆದು ಬಿಳಿ ಹೂವಾಗಿತ್ತು.
ಉಳಿದ ಆರರಲ್ಲಿ ಹಳದಿ ಇನ್ನೂ ಹರಿಯುತ್ತಿತ್ತು,
ಮಕ್ಕಳ ಮುಂಗೈವರೆಗೆ.
ಉಪ್ಪು ತಂದಿರಲಿಲ್ಲ; ಬೇಕೂ ಆಗಲಿಲ್ಲ.
ಕಿಬೋವೆನ್ ತನ್ನದರಲ್ಲಿ ಅರ್ಧ ಅಜ್ಜಿಯ ಬಾಯಿಗೆ ಒಡ್ಡಿದ.
ಬೇಡ ಅಂದವರು ತಿಂದರು.

ಹಿಂದಿರುಗುವಾಗ ಟೈರ್ ಪಂಕ್ಚರ್, ಒಂದು ಗಂಟೆ ದಂಡ,
ಜೇನು ಮಾರುವವನೊಂದಿಗೆ ಭಾವನ ಚೌಕಾಸಿ,
ಮುರಿದ ಕಲ್ಲಂಗಡಿ, ಅಂಟಂಟು ಸೀಟು.
ರೇಖೆಯ ಫಲಕ ಬಂದಾಗ ಕತ್ತಲೆ, ಯಾರೂ ಇಳಿಯಲಿಲ್ಲ.
ಮಕ್ಕಳು ಒಬ್ಬರ ಮೇಲೊಬ್ಬರು ನಿದ್ದೆ.

ಆಗ ಅತ್ತೆ ಒಂದು ಹೆಸರು ಹೇಳಿದರು.
ಒಂದೇ ಹೆಸರು, ಕಿಟಕಿಯ ಕಡೆಗೆ.
ಆಡಿನದೋ, ಮನುಷ್ಯರದೋ,
ನನಗೆ ಅಷ್ಟು ಭಾಷೆ ಬಾರದು.
ಊಂ ಅಂದೆ.