ಒಂಬತ್ತನೆಯ ಮನೆ

ಮಂಡ್ಯದ ಕೋರ್ಟಿನೆದುರು, ಜೆರಾಕ್ಸ್ ಅಂಗಡಿಗೂ ಜ್ಯೂಸ್ ಅಂಗಡಿಗೂ
ನಡುವೆ ಸಿಕ್ಕಿಕೊಂಡ ಎಂಟಡಿ ಜಾಗ ನನ್ನದು.
ಚೆಲುವಾಜಮ್ಮ ಟೈಪಿಂಗ್. ಹಲಗೆಯ ಮೇಲೆ
'ಕನ್ನಡ ಇಂಗ್ಲಿಷ್ ಎರಡೂ ಮಾಡಿಕೊಡಲಾಗುವುದು' ಎಂದಿದೆ.
ಮಾಡಿಕೊಡುವವಳು ನಾನು. ಬಿಡಬೇಕಾದ್ದು ಇದು.

ಮೊದಲಿದ್ದ ಮನೆಯಲ್ಲಿ ಎಲ್ಲ ಸರಿಯಿತ್ತು,
ಕದ್ದದ್ದು ಅನ್ನುವುದೊಂದನ್ನು ಬಿಟ್ಟು.
ಒಂದು ಸೋಮವಾರ ಪರದೆ ಕಪ್ಪಾಗಿ
ಮೂಲೆಯಲ್ಲಿ ಸಣ್ಣಕ್ಷರದ ನೋಟೀಸು:
ನಿಮ್ಮ ಪ್ರತಿ ಅಸಲಿ ಅಲ್ಲ.
ದಿನಕ್ಕೆ ಇಪ್ಪತ್ತು ಅಫಿಡವಿಟ್ ಹೊಡೆಯುವವಳು ನಾನು,
'ಮೇಲ್ಕಂಡದ್ದೆಲ್ಲ ಸತ್ಯವೆಂದು ಪ್ರಮಾಣೀಕರಿಸುತ್ತೇನೆ'.
ಅದರ ಹಿಂದೆ ಆ ಕಪ್ಪು. ನಾಚಿಕೆಯಾಯಿತು.

ಪಾಲಿಟೆಕ್ನಿಕ್ಕಿನ ಲ್ಯಾಬ್ ಅಟೆಂಡರ್ ಮಹದೇಸ್ವಾಮಿ
ಪೆನ್‌ಡ್ರೈವ್ ತಂದ. 'ಬಾಡಿಗೆಯಿಲ್ಲ, ಅಡ್ವಾನ್ಸಿಲ್ಲ,
ಗೋಡೆಗೆ ಎಲ್ಲಿ ಬೇಕಾದ್ರೂ ಮೊಳೆ ಹೊಡೀರಿ ಅಕ್ಕಾ.'
ಉಬುಂಟು. ಹಾಲುಕ್ಕಿಸಿದಷ್ಟು ಸಂತೋಷ.
ಮೂರನೆಯ ದಿನ ಪ್ರಿಂಟರ್ ಮಾತು ಬಿಟ್ಟಿತು.

ಆಮೇಲೆ ಮಿಂಟ್. ಪ್ರಿಂಟರ್ ರಾಜಿಯಾಯಿತು,
ಹಳೆಯ ನುಡಿ ಫೈಲುಗಳು ಮುನಿಸಿಕೊಂಡವು:
ಹದಿನೈದು ವರ್ಷದ ಕ್ರಯಪತ್ರ, ಕರಾರು, ದಾನಪತ್ರ
ಎಲ್ಲ ಇಂಗ್ಲಿಷ್ ಅಕ್ಷರಕ್ಕೆ ಕೊಂಬು ಮೂಡಿದ ಹಾಗೆ ಕೂತವು.
ಫೆಡೋರಾದಲ್ಲಿ ಅಕ್ಷರ ಚೆಂದ. ಊಟ ಮುಗಿಸಿ ಬಂದರೆ
ನಿದ್ದೆಯಿಂದ ಏಳುತ್ತಿರಲಿಲ್ಲ.
ಡೆಬಿಯನ್ ಗಟ್ಟಿ ಕಲ್ಲುಕಟ್ಟಡ,
ವೈಫೈ ಮಾತ್ರ ಹೊಸ್ತಿಲಾಚೆಯೇ ನಿಂತಿತು.
ಆರು, ಏಳು. ಒಂದರ ಹೆಸರೇ ನೆನಪಿಲ್ಲ,
ಶ್ರಾವಣದಲ್ಲಿ ಹೊಕ್ಕು ಶ್ರಾವಣದಲ್ಲೇ ಬಿಟ್ಟೆ.

ಬೈಯೋಣವೆಂದರೆ ಮಾಲೀಕನಿಲ್ಲ.
ಕೇಳಿದರೆ ಯಾರೋ, ಯಾವ ದೇಶದವರೋ, ಒಳ್ಳೆಯವರೇ,
'ಈ ಸಾಲು ಹೊಡೆದು ನೋಡಿ' ಅನ್ನುತ್ತಾರೆ.
ಕಪ್ಪು ಕಿಟಕಿ. ಪಾಸ್‌ವರ್ಡ್ ಒತ್ತುತ್ತೇನೆ,
ಒಂದು ಚುಕ್ಕಿಯೂ ಮೂಡುವುದಿಲ್ಲ,
ಬಾವಿಗೆ ಕಲ್ಲು ಹಾಕಿ ಸದ್ದಿಗೆ ಕಾದ ಹಾಗೆ.
'ನಿಮ್ದೇ ಮನೆ ಅಕ್ಕಾ, ನೀವೇ ರಿಪೇರಿ ಮಾಡ್ಕೋಬಹುದು.'
ಮಾಡಿಕೊಳ್ಳಬಹುದು ಅನ್ನುವುದಕ್ಕೂ
ಮಾಡಿಕೊಳ್ಳಬೇಕು ಅನ್ನುವುದಕ್ಕೂ ನಡುವೆ
ಬೆಂಚಿನ ಮೇಲೆ ಏಳು ಜನ ಕೂತಿರುತ್ತಾರೆ ಮಹದೇಸ್ವಾಮಿ,
ಐದಕ್ಕೆ ಸಬ್‌ರಿಜಿಸ್ಟ್ರಾರ್ ಬಾಗಿಲು ಹಾಕುತ್ತಾರೆ.

ಎಂಟನೆಯದು ಒಗ್ಗಿತ್ತು. ಹತ್ತು ತಿಂಗಳು.
ಇನ್ನು ಇಲ್ಲೇ ಎಂದು ಆಯುಧಪೂಜೆಗೆ ಕುಂಕುಮ ಇಟ್ಟಿದ್ದೆ.
ರಾತ್ರಿ ಅದರ ಪಾಡಿಗೆ ಅದು ಅಪ್‌ಡೇಟ್ ಆಗಿ
ಬೆಳಿಗ್ಗೆ ಮೊದಲ ಗಿರಾಕಿ, ಕೊತ್ತತ್ತಿಯ ಚಿಕ್ಕಬೆಟ್ಟಯ್ಯ. ವಿಭಾಗಪತ್ರ.
ಕಬ್ಬಿನ ಟ್ರ್ಯಾಕ್ಟರ್ ಹೋಯಿತು, ಮೇಜು ನಡುಗಿತು,
ಹಾಳೆ ಹೊರಬಂತು:
ಚಿಕ್‌ಕಬೆಟ್‌ಟಯ್‌ಯ.
ಕನ್ನಡಕ ಮೇಲೇರಿಸಿ, ಬೆರಳಿಟ್ಟು ಓದಿ, ಆತ ಅಂದ:
'ಜಮೀನ ಭಾಗ ಮಾಡ್ಕೊಡು ಅಂದ್ರೆ
ನನ್ನೆಸ್ರನ್ನೇ ಭಾಗ ಮಾಡ್ಬುಟ್ಟಲ್ಲವ್ವಾ.'

ನಕ್ಕೆ. ಅವನೂ ನಕ್ಕ. ಯಾಕೆಂದು ತಿಳಿಯದೆ ಬೆಂಚೂ ನಕ್ಕಿತು.
ಮಧ್ಯಾಹ್ನ ಪಕ್ಕದ ಅಂಗಡಿಗೆ ಕಳಿಸಿಕೊಟ್ಟೆ ಅವನನ್ನು.
ಅಲ್ಲಿರುವುದು ಇವತ್ತಿಗೂ ಕದ್ದದ್ದೇ. ಒತ್ತು ಮಾತ್ರ ಸರಿಯಾಗಿ ಬೀಳುತ್ತದೆ.

ಈಗ ಶಟರ್ ಅರ್ಧ ಎಳೆದು ಕೂತಿದ್ದೇನೆ.
'ಸಾಮಾನು' ಎಂದು ಹೆಸರಿಟ್ಟ ಫೋಲ್ಡರು
ಎಲ್ಲಕ್ಕಿಂತ ಮೊದಲು ಹೊರಬಂದಿದೆ, ದೇವರ ಪಟದ ಹಾಗೆ.
ಒಂಬತ್ತನೆಯದು ಕೇಳುತ್ತಿದೆ, ನಿಮ್ಮ ಭಾಷೆ ಯಾವುದು.
ಉದ್ದನೆಯ ಪಟ್ಟಿ. ಇಳಿಯುತ್ತೇನೆ, ಇಳಿಯುತ್ತೇನೆ.
ಇದೆ. ಎಂಟು ಮನೆಯಲ್ಲೂ ಇತ್ತು,
ಯಾರೋ ಪುಣ್ಯಾತ್ಮರು ಸಂಬಳವಿಲ್ಲದೆ ಕೂತು ಬರೆದದ್ದು:
ಕನ್ನಡ.
ಆ ನಕಾರದ ಕೆಳಗಿನ ಒತ್ತನ್ನೇ ನೋಡುತ್ತೇನೆ,
ಹೊಸ ಮನೆಗೆ ಕಾಲಿಟ್ಟ ಕೂಡಲೇ
ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸುವ ಹಾಗೆ.